ಅಟೊರ್ವಾಸ್ಟಾಟಿನ್ 10 ಮಾತ್ರೆ: ಮುರಿದ ಮೂಳೆಗೆ ಅಂತ ಕೊಳ್ಳುವ ಮುಂಚೆ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ಕೊಲೆಸ್ಟ್ರಾಲ್ ಇಳಿಸೋಕೆ ಈ ಮಾತ್ರೆಗೆ ಐದಕ್ಕೆ ಐದು ಸ್ಟಾರ್. ಮುರಿದ ಮೂಳೆ ಬೇಗ ಕೂಡಲಿ ಅಂತ ತಗೊಳ್ಳುವವರಿಗೆ ಮಾತ್ರ ನನ್ನ ಉತ್ತರ ಒಂದೇ: ಬೇಡ. ಮಾತ್ರೆ ಕಳಪೆ ಅಂತಲ್ಲ. ನುಂಗಿದ ಮಾತ್ರೆ ಹೋಗುವ ಜಾಗವೇ ಬೇರೆ, ಮೂಳೆ ಮುರಿದಿರುವ ಜಾಗವೇ ಬೇರೆ. ಅದು ಹೇಗೆ ಅಂತ ಕೆಳಗೆ ವಿವರವಾಗಿ ಬರೆದಿದ್ದೇನೆ, ಸ್ವಲ್ಪ ಉದ್ದ ಇದೆ, ಮನೆಯಲ್ಲಿ ಯಾರಿಗಾದರೂ ಕೈ ಕಾಲು ಮುರಿದಿದ್ದರೆ ಪೂರ್ತಿ ಓದಿ.

ನಮ್ಮ ಅಮ್ಮ ಅಟೊರ್ವಾಸ್ಟಾಟಿನ್ 10 ಮಿಲಿಗ್ರಾಂ ತಗೊಳ್ಳೋಕೆ ಶುರು ಮಾಡಿ ವರ್ಷಗಳೇ ಆದವು. ಬಿಪಿ ಇದೆ, ಶುಗರ್ ಇದೆ, ಎಲ್‌ಡಿಎಲ್ ಅಂತಾರಲ್ಲ ಆ ಕೆಟ್ಟ ಕೊಲೆಸ್ಟ್ರಾಲ್ ಜಾಸ್ತಿ ಇತ್ತು. ಮಾತ್ರೆ ಶುರು ಮಾಡಿದ ಮೇಲೆ ರಿಪೋರ್ಟಿನಲ್ಲಿ ಚೆನ್ನಾಗಿ ಇಳಿಯಿತು, ತೊಂದರೆ ಅಂತ ಏನೂ ಆಗಲಿಲ್ಲ. ಈ ಸಲ ಬಚ್ಚಲಲ್ಲಿ ಜಾರಿ ಕೈ ಊರಿದ್ದಕ್ಕೆ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಮೂಳೆ ಡಾಕ್ಟರು ಎಳೆದು ಸರಿ ಕೂರಿಸಿ ಪ್ಲಾಸ್ಟರ್ ಹಾಕಿದರು.

ಆಮೇಲೆ ಮನೆಗೆ ಬಂದವರೆಲ್ಲ ಸಲಹೆ ಕೊಟ್ಟರು. ಪುತ್ತೂರು ಕಟ್ಟು ಹಾಕಿಸಿ ಅಂದರು, ಮಂಗರವಳ್ಳಿ ಚಟ್ನಿ ಮಾಡಿ ಕೊಡಿ ಅಂದರು, ಕಾಲು ಸೂಪು ಅಂದರು. ಇವೆಲ್ಲ ನಾವು ಚಿಕ್ಕಂದಿನಿಂದ ಕೇಳಿದ್ದೇ. ಹೊಸದಾಗಿ ಕೇಳಿದ್ದು ಮೆಡಿಕಲ್ ಸ್ಟೋರಿನವರ ಮಾತು. ಅಮ್ಮನ ತಿಂಗಳ ಮಾತ್ರೆ ತರೋಕೆ ಹೋದಾಗ, ಕೈ ಮುರಿದ ವಿಷಯ ಗೊತ್ತಾಗಿ, "ಅಕ್ಕಾ, ಈ ಕೊಲೆಸ್ಟ್ರಾಲ್ ಮಾತ್ರೆ ಮೂಳೆಗೂ ಒಳ್ಳೇದು, ರಿಸರ್ಚ್ ಆಗಿದೆ, ಸ್ವಲ್ಪ ದಿನ ಎರಡೆರಡು ಕೊಡಿ, ಬೇಗ ಕೂಡುತ್ತೆ" ಅಂದರು. ಅಂಗಡಿ ಹೆಸರು ಹೇಳುವುದಿಲ್ಲ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಡಾಕ್ಟರ ಚೀಟಿ ಇಲ್ಲದೆ ಡೋಸ್ ಎರಡರಷ್ಟು ಮಾಡಿ ಅಂತ ಹೇಳುವುದು ಸರಿಯಲ್ಲ. ನಾನು ಹಾಗೆ ಕೊಡಲಿಲ್ಲ. ಮೂಳೆ ಡಾಕ್ಟರನ್ನು ಕೇಳಿದೆ, ಅವರು "ಈಗ ಎಷ್ಟು ತಗೊಳ್ತಿದ್ದಾರೋ ಅಷ್ಟೇ ಇರಲಿ, ಜಾಸ್ತಿ ಮಾಡಬೇಡಿ, ನಿಲ್ಲಿಸೋದೂ ಬೇಡ" ಅಂದರು. ಯಾಕೆ ಅಂತ ತಿಳಿಯುವ ಆಸೆಗೆ ಕೂತು ಓದಿದೆ.

ರಿಸರ್ಚ್ ಆಗಿರುವುದು ನಿಜ. ಅದೂ ಚಿಕ್ಕ ಪುಟ್ಟ ರಿಸರ್ಚ್ ಅಲ್ಲ. 1999ರ ಡಿಸೆಂಬರಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಗ್ರೆಗರಿ ಮಂಡಿ ಮತ್ತು ಅವರ ತಂಡದ ಕೆಲಸ ಬಂತು. ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊದವರು. ಮೂಳೆ ಬೆಳೆಯೋಕೆ ನಮ್ಮ ದೇಹವೇ ತಯಾರಿಸುವ ಬಿಎಂಪಿ-2 ಎಂಬ ಪ್ರೋಟೀನ್ ಇದೆ. ಅದನ್ನು ಜಾಸ್ತಿ ಮಾಡುವ ವಸ್ತು ಯಾವುದಾದರೂ ಸಿಗುತ್ತದಾ ಅಂತ ಅವರು 30,000ಕ್ಕೂ ಹೆಚ್ಚು ಪದಾರ್ಥಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ಕೊನೆಗೆ ಕೆಲಸ ಮಾಡಿದ್ದು ಲೊವಾಸ್ಟಾಟಿನ್, ಆಗಲೇ ಅಂಗಡಿಯಲ್ಲಿ ಸಿಗುತ್ತಿದ್ದ ಕೊಲೆಸ್ಟ್ರಾಲ್ ಔಷಧ! ಇಲಿಗಳ ತಲೆಬುರುಡೆಯ ಮೇಲೆ, ಚರ್ಮದ ಕೆಳಗೆ, ಇಂಜೆಕ್ಷನ್ ಕೊಟ್ಟರೆ ಅಲ್ಲಿ ಹೊಸ ಮೂಳೆ ಬೆಳೆಯಿತು. ಇದನ್ನು ಓದಿದಾಗ ನನಗೂ ರೋಮಾಂಚನ ಆಯಿತು. ಮೂಳೆ ಸವೆಯುವುದನ್ನು ತಡೆಯೋಕೆ ಔಷಧಗಳಿವೆ, ಹೊಸ ಮೂಳೆ ಕಟ್ಟಿಸುವ ಔಷಧಗಳು ತೀರಾ ಕಡಿಮೆ ಮತ್ತು ತುಂಬಾ ದುಬಾರಿ. ಅಂಥದ್ದರಲ್ಲಿ ದಿನಕ್ಕೊಂದು ಅಗ್ಗದ ಮಾತ್ರೆ ಆ ಕೆಲಸ ಮಾಡುತ್ತದೆ ಅಂದರೆ ಯಾರಿಗೆ ಬೇಡ?

ಅಲ್ಲಿ "ಇಂಜೆಕ್ಷನ್" ಮತ್ತು "ಮೂಳೆಯ ಮೇಲೆ" ಎಂಬ ಎರಡು ವಿಷಯ ಗಮನಿಸಿ. ಇಡೀ ಕಥೆ ನಿಂತಿರುವುದು ಅದರ ಮೇಲೆ.

ಅಟೊರ್ವಾಸ್ಟಾಟಿನ್, ಲೊವಾಸ್ಟಾಟಿನ್, ಸಿಮ್ವಾಸ್ಟಾಟಿನ್, ರೊಸುವಾಸ್ಟಾಟಿನ್ ಎಲ್ಲ ಒಂದೇ ಜಾತಿಯ ಕೊಲೆಸ್ಟ್ರಾಲ್ ಔಷಧಗಳು, ಇವನ್ನು ಒಟ್ಟಾಗಿ ಸ್ಟಾಟಿನ್ ಅಂತಾರೆ. ಸ್ಟಾಟಿನ್ ಮಾತ್ರೆ ಮಾಡುವ ಕೆಲಸ ಲಿವರ್‌ನಲ್ಲಿ. ನಮ್ಮ ಲಿವರ್ ಕೊಲೆಸ್ಟ್ರಾಲ್ ತಯಾರಿಸುತ್ತದೆ, ಆ ಕೆಲಸದಲ್ಲಿ ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಕಿಣ್ವ ಬೇಕು, ಸ್ಟಾಟಿನ್ ಹೋಗಿ ಆ ಕಿಣ್ವವನ್ನು ತಡೆಯುತ್ತದೆ. ಹಾಗಾಗಿ ಈ ಮಾತ್ರೆ ನುಂಗಿದಾಗ ಹೊಟ್ಟೆಯಿಂದ ನೇರ ಲಿವರ್‌ಗೆ ಹೋಗಿ, ಬಹುಪಾಲು ಅಲ್ಲೇ ಉಳಿದು, ಅಲ್ಲೇ ಖರ್ಚಾಗುತ್ತದೆ. ಕೊಲೆಸ್ಟ್ರಾಲ್‌ಗೆ ಇದಕ್ಕಿಂತ ಒಳ್ಳೆಯದು ಏನು ಬೇಕು? ಬೇರೆ ಕಡೆ ಹೋಗಿ ತೊಂದರೆ ಮಾಡುವುದೂ ಕಡಿಮೆ. ಸಿಮ್ವಾಸ್ಟಾಟಿನ್ ನುಂಗಿದರೆ ಲಿವರ್ ದಾಟಿ ರಕ್ತಕ್ಕೆ ಬರುವುದು ನೂರಕ್ಕೆ 5 ಭಾಗಕ್ಕಿಂತ ಕಡಿಮೆ. ಅಟೊರ್ವಾಸ್ಟಾಟಿನ್‌ನಲ್ಲಿ ಸುಮಾರು 14 ಭಾಗ. ಆ ಚೂರು ಇಡೀ ಮೈಗೆ ಹಂಚಿ ಹೋದ ಮೇಲೆ ಮಣಿಕಟ್ಟಿನ ಬಿರುಕಿಗೆ ಎಷ್ಟು ಮುಟ್ಟೀತು?

ಇಲಿಗಳಿಗೆ ಬಾಯಿ ಮೂಲಕ ಕೊಟ್ಟು ನೋಡಿದವರೂ ಇದ್ದಾರೆ. 2002ರಲ್ಲಿ ಸ್ವೀಡನ್‌ನ ಪೆರ್ ಆಸ್ಪೆನ್‌ಬರ್ಗ್ ಅವರ ತಂಡ ತೊಡೆಮೂಳೆ ಮುರಿದ ಇಲಿಗಳಿಗೆ ಆಹಾರದಲ್ಲೇ ಸಿಮ್ವಾಸ್ಟಾಟಿನ್ ಬೆರೆಸಿ ಕೊಟ್ಟಿತು. ಮುರಿದ ಜಾಗದಲ್ಲಿ ಗಂಟಿನ ಹಾಗೆ ಬೆಳೆಯುವ ಹೊಸ ಮೂಳೆ ದೊಡ್ಡದಾಯಿತು, ಗಟ್ಟಿಯೂ ಆಯಿತು. ಡೋಸ್ ಎಷ್ಟು ಗೊತ್ತಾ? ದಿನಕ್ಕೆ ಒಂದು ಕಿಲೋ ತೂಕಕ್ಕೆ 120 ಮಿಲಿಗ್ರಾಂ. 60 ಕಿಲೋ ತೂಕದ ಮನುಷ್ಯರಿಗೆ ನೇರ ಲೆಕ್ಕ ಹಾಕಿದರೆ 7,200 ಮಿಲಿಗ್ರಾಂ ಆಗುತ್ತದೆ. ಇಲಿಯ ದೇಹ ಔಷಧವನ್ನು ಬೇಗ ಕರಗಿಸಿಬಿಡುತ್ತದೆ, ಅದಕ್ಕೆ ತಜ್ಞರು ಇಲಿಯ ಡೋಸನ್ನು ಸುಮಾರು 12ರಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೂ 600 ಮಿಲಿಗ್ರಾಂ! ಸಿಮ್ವಾಸ್ಟಾಟಿನ್ ಅನ್ನು 80 ಮಿಲಿಗ್ರಾಂ ಕೊಟ್ಟರೇ ಮಾಂಸಖಂಡಕ್ಕೆ ಪೆಟ್ಟಾಗುವುದು ಜಾಸ್ತಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಅದನ್ನು ಹೊಸಬರಿಗೆ ಶುರು ಮಾಡಬೇಡಿ ಅಂದಿದೆ. ಹಾಗಿರುವಾಗ ಮೆಡಿಕಲ್ ಸ್ಟೋರಿನವರು ಹೇಳಿದ ಹಾಗೆ 10ರ ಜಾಗಕ್ಕೆ 20 ಮಾಡಿದರೆ ಮೂಳೆಗೆ ಆಗುವುದು ಏನೂ ಇಲ್ಲ, ಅಮ್ಮನ ಮೈಕೈ ನೋವು ಜಾಸ್ತಿಯಾದರೆ ಅದೇ ಲಾಭ.

ಸರಿ, ಲೆಕ್ಕ ಬಿಡಿ. ಮನುಷ್ಯರಲ್ಲಿ ಏನಾಯಿತು ಅಂತ ನೋಡೋಣ.

2000ದಲ್ಲಿ 'ಜಾಮಾ' ವೈದ್ಯಕೀಯ ಪತ್ರಿಕೆಯಲ್ಲಿ ಒಂದೇ ಸಲಕ್ಕೆ ಒಳ್ಳೆಯ ಸುದ್ದಿ ಬಂತು. ಸ್ಟಾಟಿನ್ ತಗೊಳ್ಳುವ ವಯಸ್ಸಾದವರಲ್ಲಿ ಮೂಳೆ ಮುರಿತ ಹೆಚ್ಚುಕಡಿಮೆ ಅರ್ಧದಷ್ಟು ಅಂತ ಅಮೆರಿಕದ ಮತ್ತು ಬ್ರಿಟನ್ನಿನ ದಾಖಲೆ ನೋಡಿದವರು ಬರೆದರು. ಆದರೆ ಇವು ಆಸ್ಪತ್ರೆ ದಾಖಲೆ ಅಗೆದು ತೆಗೆದ ಲೆಕ್ಕಗಳು. ಸ್ಟಾಟಿನ್ ತಗೊಳ್ಳುವವರು ಸಾಮಾನ್ಯವಾಗಿ ತೂಕ ಜಾಸ್ತಿ ಇರುವವರು, ತೂಕ ಜಾಸ್ತಿ ಇರುವವರಿಗೆ ಮೂಳೆ ಸಾಂದ್ರತೆಯೂ ಜಾಸ್ತಿ. ಜೊತೆಗೆ ಅವರು ಡಾಕ್ಟರ ಹತ್ತಿರ ಹೋಗುತ್ತಾ, ಮಾತ್ರೆ ತಪ್ಪಿಸದೆ ತಗೊಳ್ಳುತ್ತಾ, ಆರೋಗ್ಯ ನೋಡಿಕೊಳ್ಳುವ ಜನ. ಹಾಗಾಗಿ ಮೂಳೆ ಉಳಿಸಿದ್ದು ಮಾತ್ರೆಯೋ ಅವರ ಅಭ್ಯಾಸವೋ ಅಂತ ಹೇಳೋಕೆ ಬರುವುದಿಲ್ಲ. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ನೋಡೋಕೆ ಹಾಗೇ ಇರುವ ಔಷಧ ಇಲ್ಲದ ಮಾತ್ರೆ ಕೊಟ್ಟಾಗಲೇ ನಿಜ ಹೊರಗೆ ಬರುವುದು. ಜುಪಿಟರ್ ಎಂಬ ದೊಡ್ಡ ಪ್ರಯೋಗ ಹಾಗೆ ನಡೆದದ್ದು. 17,802 ಜನ, ಅರ್ಧ ಜನಕ್ಕೆ ರೊಸುವಾಸ್ಟಾಟಿನ್ 20 ಮಿಲಿಗ್ರಾಂ. ಅದರಲ್ಲಿ ಮೂಳೆ ಮುರಿದವರ ಲೆಕ್ಕ 2015ರಲ್ಲಿ ಬಂತು: ಮಾತ್ರೆ ತಗೊಂಡವರಲ್ಲಿ 221, ತಗೊಳ್ಳದವರಲ್ಲಿ 210. ಅಂದರೆ ಯಾವ ಲಾಭವೂ ಇಲ್ಲ. ನಮ್ಮ ಅಟೊರ್ವಾಸ್ಟಾಟಿನ್ ಅನ್ನೇ ಮುಟ್ಟು ನಿಂತ ಹೆಂಗಸರಿಗೆ 10ರಿಂದ 80 ಮಿಲಿಗ್ರಾಂವರೆಗೆ ಒಂದು ವರ್ಷ ಕೊಟ್ಟು ನೋಡಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು, ಮೂಳೆ ಸಾಂದ್ರತೆ ಯಾವ ಡೋಸಿಗೂ ಏರಲಿಲ್ಲ.

ಇವು ಮೂಳೆ ಮುರಿಯದಿರಲಿ ಅಂತ ನೋಡಿದವು. ಮುರಿದದ್ದು ಕೂಡುವ ವಿಷಯಕ್ಕೆ ಬಂದರೆ, 2009ರಲ್ಲಿ ಬಂದ ಒಂದು ಪ್ರಯೋಗ ನಮ್ಮ ಅಮ್ಮನ ವಿಷಯಕ್ಕೆ ಅಳತೆ ತೆಗೆದ ಹಾಗಿದೆ. ಮಣಿಕಟ್ಟು ಮುರಿದ 80 ಜನ, ಸಿಮ್ವಾಸ್ಟಾಟಿನ್ 20 ಮಿಲಿಗ್ರಾಂ, ಇನ್ನೊಂದು ಗುಂಪಿಗೆ ಔಷಧ ಇಲ್ಲದ ಮಾತ್ರೆ. ಮೂಳೆ ಕೂಡೋಕೆ ತಗೊಂಡ ಸಮಯದಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. ಚಿಕ್ಕ ಪ್ರಯೋಗ, ಒಪ್ಪುತ್ತೇನೆ. ಆದರೂ ಯಾರಾದರೂ "ರಿಸರ್ಚ್ ಆಗಿದೆ" ಅಂದಾಗ ಇಲಿಯ ಸುದ್ದಿ ಮಾತ್ರ ಹೇಳಿ ಈ ಸುದ್ದಿ ಬಿಟ್ಟರೆ ಕೇಳುವವರಿಗೆ ಮೋಸ ಆಗುತ್ತದೆ.

ಹಾಗಾದರೆ ಸ್ಟಾಟಿನ್‌ಗೂ ಮೂಳೆಗೂ ಸಂಬಂಧವೇ ಇಲ್ವಾ? ಇದೆ. ನನಗೆ ತುಂಬಾ ಇಷ್ಟವಾದ ಭಾಗ ಇದು, ಮತ್ತು ಇದರಲ್ಲಿ ನಮ್ಮ ಬೆಂಗಳೂರಿನ ಕೆಲಸವೂ ಇದೆ. ಔಷಧವನ್ನು ನುಂಗದೆ, ಮೂಳೆ ಕಳೆದುಕೊಂಡ ಜಾಗಕ್ಕೇ ನೇರ ಇಟ್ಟರೆ ಏನಾಗುತ್ತದೆ? ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಡಾ. ಎ. ಆರ್. ಪ್ರದೀಪ್ ಮತ್ತು ಅವರ ಜೊತೆಯವರು ಇದನ್ನು ವಸಡಿನ ಕಾಯಿಲೆ ಇರುವವರಲ್ಲಿ ಮಾಡಿ ನೋಡಿದರು. ವಸಡಿನ ಕಾಯಿಲೆ ಬಲಿತರೆ ಹಲ್ಲಿನ ಸುತ್ತ ಇರುವ ದವಡೆ ಮೂಳೆಯೇ ಕರಗಿ ಗುಂಡಿ ಬೀಳುತ್ತದೆ, ಹಲ್ಲು ಅಲ್ಲಾಡುತ್ತದೆ. ಅವರು ಹಲ್ಲು ಕ್ಲೀನ್ ಮಾಡಿ, ಆ ಗುಂಡಿಯೊಳಗೆ ಸಿಮ್ವಾಸ್ಟಾಟಿನ್ ಜೆಲ್ ತುಂಬಿದರು. ಪ್ರಮಾಣ ಬರೀ 1.2 ಮಿಲಿಗ್ರಾಂ, ಅಂದರೆ ಅಮ್ಮ ದಿನಾ ನುಂಗುವ ಮಾತ್ರೆಯ ಎಂಟನೇ ಒಂದು ಭಾಗದಷ್ಟು. 2010ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಬರೀ ಕ್ಲೀನ್ ಮಾಡಿ ಔಷಧ ಇಲ್ಲದ ಜೆಲ್ ಹಾಕಿದವರಿಗಿಂತ ಇವರಲ್ಲಿ ಮೂಳೆ ಗುಂಡಿ ಎಷ್ಟೋ ಜಾಸ್ತಿ ತುಂಬಿಕೊಂಡಿತ್ತು. ಮುಂದೆ ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ಜೆಲ್ ಕೂಡ ಮಾಡಿ ನೋಡಿದರು. ಲಿವರ್ ದಾಟುವ ತಾಪತ್ರಯ ಇಲ್ಲದಿದ್ದರೆ ಚೂರು ಔಷಧವೂ ಸಾಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಇಲಿಗಳ ಮುರಿದ ಮೂಳೆಯ ಜಾಗಕ್ಕೇ ಲೊವಾಸ್ಟಾಟಿನ್‌ನ ಅತಿ ಸಣ್ಣ ಕಣಗಳನ್ನು ಇಟ್ಟು, ಅದು ಬೇಗ ಕೂಡಿದ್ದನ್ನು ಮಂಡಿ ಅವರ ತಂಡವೇ 2007ರಲ್ಲಿ ತೋರಿಸಿತು. ಮೂಳೆ ಬೆಳೆಸುವ ಬಿಎಂಪಿ-2 ಪ್ರೋಟೀನನ್ನೇ ತಯಾರಿಸಿ ಸ್ಪಂಜಿನಲ್ಲಿ ನೆನೆಸಿ, ಆಪರೇಷನ್ ಮಾಡುವಾಗ ಮುರಿದ ಕಾಲಿನ ಮೂಳೆಯ ಮೇಲೆ ಇಡುವುದಕ್ಕೆ ಅಮೆರಿಕದಲ್ಲಿ 2004ರಲ್ಲೇ ಒಪ್ಪಿಗೆ ಸಿಕ್ಕಿದೆ, ಆದರೆ ಅದು ಭಾರಿ ದುಬಾರಿ. ಸ್ಟಾಟಿನ್ ಅಗ್ಗ. ಹಾಗಾಗಿ ಮೂಳೆಗೆ ನೇರ ಇಡುವ ಸ್ಟಾಟಿನ್ ಬಂದರೆ ನಮ್ಮಂಥ ದೇಶಕ್ಕೆ ಎಷ್ಟು ಉಪಕಾರ ಯೋಚಿಸಿ. ಬೈಕ್ ಆಕ್ಸಿಡೆಂಟಿನಲ್ಲಿ ಮೊಣಕಾಲ ಕೆಳಗಿನ ಮೂಳೆ ಮುರಿದು, ಕೂಡದೆ, ತಿಂಗಳುಗಟ್ಟಲೆ ಕೆಲಸಕ್ಕೆ ಹೋಗಲಾರದೆ ಮನೆಯಲ್ಲಿ ಕೂತ ಹುಡುಗರು ಎಷ್ಟು ಜನ ಇದ್ದಾರೆ! ಆ ದಿನ ಬರಲಿ ಅಂತ ಮನಸಾರೆ ಬಯಸುತ್ತೇನೆ. ಆದರೆ ಅದು ಈಗ ಅಂಗಡಿಯಲ್ಲಿ ಸಿಗುವ ಸ್ಟ್ರಿಪ್ಪಿನಲ್ಲಿ ಇಲ್ಲ, ಅದನ್ನು ಪುಡಿ ಮಾಡಿ ಕಟ್ಟುವುದು, ಹಚ್ಚುವುದು ಇಂಥದ್ದನ್ನು ದಯವಿಟ್ಟು ಯಾರೂ ಮಾಡಬೇಡಿ.

ಅಂದಹಾಗೆ ಬೆಂಗಳೂರಿಗೆ ಸ್ಟಾಟಿನ್ ಜೊತೆ ಇನ್ನೊಂದು ನಂಟಿದೆ. ಮೊದಲ ಸ್ಟಾಟಿನ್ ಸಿಕ್ಕಿದ್ದು 1973ರಲ್ಲಿ ಜಪಾನಿನ ಅಕಿರಾ ಎಂಡೊ ಅವರಿಗೆ, ಬೂಷ್ಟಿನಲ್ಲಿ. ಲೊವಾಸ್ಟಾಟಿನ್ ಕೂಡ ಬೂಷ್ಟಿನಿಂದಲೇ ಬರುವುದು, 1987ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಅದನ್ನು ಹುದುಗಿಸಿ ತಯಾರಿಸೋಕೆ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2001ರಲ್ಲಿ ಎಫ್‌ಡಿಎ ಒಪ್ಪಿಗೆ ಪಡೆಯಿತು. ಇದೇ ಲೊವಾಸ್ಟಾಟಿನ್ 'ರೆಡ್ ಯೀಸ್ಟ್ ರೈಸ್' ಅಂತ ಆನ್‌ಲೈನಿನಲ್ಲಿ ಮಾರುವ ಕ್ಯಾಪ್ಸೂಲಿನಲ್ಲೂ ಇರುತ್ತದೆ. ಅದಕ್ಕೂ ನಮ್ಮ ಕರಾವಳಿಯ ಕೆಂಪಕ್ಕಿಗೂ ಸಂಬಂಧ ಇಲ್ಲ. ಸ್ಟಾಟಿನ್ ಮಾತ್ರೆಯ ಜೊತೆಗೆ "ನ್ಯಾಚುರಲ್" ಅಂತ ಅದನ್ನೂ ತಗೊಂಡರೆ ಒಂದೇ ಜಾತಿಯ ಔಷಧ ಎರಡು ಸಲ ತಗೊಂಡ ಹಾಗೆ.

ಹಾಗಾದರೆ ಮೂಳೆಗೆ ಯಾವ ಮಾತ್ರೆ? ಡಾಕ್ಟರು ಅಮ್ಮನಿಗೆ ಡೆಕ್ಸಾ ಸ್ಕ್ಯಾನ್ ಮಾಡಿಸಿದರು, ಮೂಳೆ ಸಾಂದ್ರತೆ ಕಡಿಮೆ ಬಂತು, ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಲಿಗ್ರಾಂ ಬರೆದರು. ಇದನ್ನು ಓದುವಾಗ ಒಂದು ಸಂಗತಿ ತಿಳಿದು ಆಶ್ಚರ್ಯವಾಯಿತು. ದೇಹದಲ್ಲಿ ಕೊಲೆಸ್ಟ್ರಾಲ್ ತಯಾರಾಗುವ ಯಾವ ದಾರಿಯನ್ನು ಸ್ಟಾಟಿನ್ ತಡೆಯುತ್ತದೋ ಅದನ್ನೇ, ಅದಕ್ಕಿಂತ ಕೆಲವು ಹೆಜ್ಜೆ ಮುಂದೆ, ಅಲೆಂಡ್ರೊನೇಟ್ ಕೂಡ ತಡೆಯುತ್ತದೆ. ದಾರಿ ಒಂದೇ, ಊರು ಬೇರೆ. ಸ್ಟಾಟಿನ್ ಲಿವರ್‌ನಲ್ಲಿ ನಿಲ್ಲುತ್ತದೆ, ಅಲೆಂಡ್ರೊನೇಟ್ ಮೂಳೆಯ ಕ್ಯಾಲ್ಸಿಯಂಗೆ ಅಂಟಿಕೊಂಡು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ನುಂಗಿದ್ದರಲ್ಲಿ ಮೈಗೆ ಸೇರುವುದು ನೂರಕ್ಕೆ ಒಂದು ಭಾಗವೂ ಇಲ್ಲ, ಆದರೂ ಕೆಲಸ ಮಾಡುತ್ತದೆ, ಯಾಕೆಂದರೆ ಸೇರಿದ ಚೂರನ್ನು ಮೂಳೆ ಹಿಡಿದಿಟ್ಟುಕೊಳ್ಳುತ್ತದೆ. ಮೂಳೆ ಸವೆಸುವ ಜೀವಕೋಶಗಳನ್ನು ಅದು ಅಲ್ಲಿಯೇ ತಡೆಯುತ್ತದೆ. ಇದೂ ಮುರಿದದ್ದನ್ನು ಬೇಗ ಕೂಡಿಸುವ ಔಷಧ ಅಲ್ಲ, ಮುಂದೆ ಸೊಂಟವೋ ಬೆನ್ನುಮೂಳೆಯೋ ಮುರಿಯದಿರಲಿ ಅಂತ ಕೊಡುವುದು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಬರೀ ನೀರಿನ ಜೊತೆ, ಆಮೇಲೆ ಅರ್ಧ ಗಂಟೆ ಮಲಗಬಾರದು, ಕಾಫಿಯೂ ಇಲ್ಲ. ಬೆಳಗಿನ ಕಾಫಿ ತಡವಾಗುವುದು ಅಮ್ಮನಿಗೆ ಕಷ್ಟ, ಆದರೂ ಒಪ್ಪಿಕೊಂಡಿದ್ದಾರೆ.

ನಿಮ್ಮ ತಾಯಿಗೋ ಅತ್ತೆಗೋ 50 ದಾಟಿದ ಮೇಲೆ ಸುಮ್ನೆ ಜಾರಿ ಬಿದ್ದಿದ್ದಕ್ಕೆ ಮಣಿಕಟ್ಟು ಮುರಿದಿದ್ದರೆ, ಪ್ಲಾಸ್ಟರ್ ಬಿಚ್ಚಿಸಿಕೊಂಡು ಮನೆಗೆ ಬಂದುಬಿಡಬೇಡಿ. ಡೆಕ್ಸಾ ಬೇಕಾ ಅಂತ ಕೇಳಿ. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿಯುವುದು ಮೂಳೆ ಸವೆದಿರುವುದರ ಮೊದಲ ಸೂಚನೆ ಆಗಿರಬಹುದು.

ಮುರಿದದ್ದು ಕೂಡಿದ್ದು ಪ್ಲಾಸ್ಟರಿನಿಂದ. ಮಣಿಕಟ್ಟಿಗೆ ಸಾಮಾನ್ಯವಾಗಿ ಆರು ವಾರ ಬೇಕು. ಡಾಕ್ಟರು ಒತ್ತಿ ಹೇಳಿದ್ದು ಶುಗರ್ ಹಿಡಿತದಲ್ಲಿಡಿ, ಬೆರಳು ಆಡಿಸುತ್ತಾ ಇರಿ, ಪ್ರೋಟೀನ್ ಚೆನ್ನಾಗಿ ತಿನ್ನಿ ಅಂತ. ಬೇಳೆ, ಮೊಟ್ಟೆ, ಹುರುಳಿ, ಮೊಸರು, ರಾಗಿ, ಇಷ್ಟೇ. ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ವಿಟಮಿನ್ ಡಿ ಕಡಿಮೆ ಇತ್ತು, ಅದಕ್ಕೆ ಮಾತ್ರೆ ಕೊಟ್ಟರು. ಬೀಡಿ ಸಿಗರೇಟು ಸೇದುವವರಿಗೆ ಮೂಳೆ ಕೂಡುವುದು ನಿಧಾನ, ಮನೆಯಲ್ಲಿ ಅಂಥವರಿದ್ದರೆ ಯಾವ ಮಾತ್ರೆಗಿಂತಲೂ ಅದನ್ನು ಬಿಡಿಸುವುದು ದೊಡ್ಡ ಔಷಧ.

ಒಂದು ದೂರು ಇದೆ, ಆಸ್ಪತ್ರೆ ಹೆಸರು ಬೇಡ. ಪ್ಲಾಸ್ಟರ್ ಹಾಕಿ ಕಳಿಸುವಾಗ ಬರೆದುಕೊಟ್ಟ ಚೀಟಿಯಲ್ಲಿ ನೋವಿನ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸ್ ಮಾತ್ರೆ ಎಲ್ಲ ಇತ್ತು, ಅಟೊರ್ವಾಸ್ಟಾಟಿನ್ ಇರಲಿಲ್ಲ. ಅಮ್ಮ ಚೀಟಿಯಲ್ಲಿ ಇಲ್ಲ ಅಂದರೆ ನಿಲ್ಲಿಸಿದ್ದಾರೆ ಅಂತಲೇ ತಿಳಿಯುವವರು. ನಾನು ಫೋನ್ ಮಾಡಿ ಕೇಳಿದಾಗ "ಅದು ಮುಂದುವರಿಸಿ, ಬರೆಯೋದು ಬಿಟ್ಟುಹೋಗಿದೆ" ಅಂದರು. ಮೂಳೆ ಮುರಿದು ಓಡಾಟ ಕಡಿಮೆಯಾದ ಹೊತ್ತಿನಲ್ಲಿ ಹೃದಯದ ಮಾತ್ರೆ ತಾನಾಗಿ ನಿಂತುಹೋಗುವುದು ಒಳ್ಳೆಯದಲ್ಲ. ಹಳೆಯ ಚೀಟಿ, ಹೊಸ ಚೀಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಬಿಟ್ಟುಹೋಗಿದ್ದರೆ ಕೇಳಿ.

ಕೊಳ್ಳುವ ವಿಷಯ. ಇದು ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಔಷಧ. ಸರ್ಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇರುವುದರಿಂದ ಬೆಲೆಗೆ ಮಿತಿ ಇದೆ. ಜನೌಷಧಿ ಕೇಂದ್ರದಲ್ಲಿ ಬ್ರಾಂಡಿನ ಮಾತ್ರೆಗಿಂತ ತುಂಬಾ ಕಡಿಮೆಗೆ ಸಿಗುತ್ತದೆ, ನಾವು ಈಗ ಅಲ್ಲಿಂದಲೇ ತರುವುದು, ಅಮ್ಮನ ಎಲ್‌ಡಿಎಲ್‌ನಲ್ಲಿ ವ್ಯತ್ಯಾಸ ಏನೂ ಬಂದಿಲ್ಲ. ಅಟೊರ್ವಾಸ್ಟಾಟಿನ್ ಯಾವ ಹೊತ್ತಿಗೆ ತಗೊಂಡರೂ ನಡೆಯುತ್ತದೆ, ಸಿಮ್ವಾಸ್ಟಾಟಿನ್ ಆದರೆ ರಾತ್ರಿ. ತೊಡೆ, ಭುಜ ಹೀಗೆ ಎರಡೂ ಕಡೆ ಕಾರಣ ಇಲ್ಲದೆ ನೋವು ಅಥವಾ ಸುಸ್ತು ಬಂದರೆ, ಮೂತ್ರ ಕಪ್ಪಾದರೆ, ಕಾಯದೆ ಡಾಕ್ಟರಿಗೆ ತೋರಿಸಿ. ಬಿದ್ದ ಪೆಟ್ಟಿನ ನೋವು ಅಂತ ಇದನ್ನು ಸುಮ್ಮನೆ ಬಿಡುವ ಸಾಧ್ಯತೆ ಇದೆ, ಅದಕ್ಕೇ ಹೇಳುತ್ತಿರುವುದು. ಕೆಮ್ಮು ಜ್ವರ ಅಂತ ಕ್ಲಾರಿಥ್ರೊಮೈಸಿನ್ ಆಂಟಿಬಯೋಟಿಕ್ ಬರೆದರೆ ಸ್ಟಾಟಿನ್ ತಗೊಳ್ಳುತ್ತಿರುವುದನ್ನು ಮೊದಲು ಹೇಳಿ, ಅದು ಸ್ಟಾಟಿನ್‌ನ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಬಸುರಿಯರಿಗೆ ಸಾಮಾನ್ಯವಾಗಿ ಈ ಮಾತ್ರೆ ಕೊಡುವುದಿಲ್ಲ.